ನಮ್ಮ ಮನೆಯ ಇಲಿ ತಿಂದ ಫ್ಯೂಸು

ಏನೂ ಗೊತ್ತಿಲ್ಲದವನಿಂದ ಲೋಕಕ್ಕೆ ಅಂಥ ಅಪಾಯವಿಲ್ಲ, ಅವನು ದೂರ ನಿಲ್ಲುತ್ತಾನೆ. ಎಲ್ಲ ಗೊತ್ತಿರುವವನಿಂದಲೂ ಇಲ್ಲ, ಅವನು ಮೊದಲು ಮೇನ್ ಆಫ್ ಮಾಡುತ್ತಾನೆ. ಅಪಾಯವಿರುವುದು ವಸ್ತುಗಳ ಹೆಸರು ಮಾತ್ರ ಗೊತ್ತಿರುವವನಿಂದ. ನಾನು ಅಂಥವನು. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಒಂದು ಕಾರ್ಖಾನೆಯ ಸ್ಟೋರ್ಸಿಗೆ ಸೇರಿದೆ. ಮೂವತ್ತು ವರ್ಷ ಅಲ್ಲಿನ ಕಿಟಕಿಯ ಹಿಂದೆ ಕೂತು, ಕೇಳಿದವರಿಗೆ ಕೇಳಿದ ಸಾಮಾನು ಕೊಟ್ಟು, ಪುಸ್ತಕದಲ್ಲಿ ರುಜು ಹಾಕಿಸಿಕೊಂಡೆ. ಯಾವ ಫ್ಯೂಸು ಯಾವ ಕಪಾಟಿನಲ್ಲಿದೆ, ಯಾವ ಕೇಬಲ್ಲಿಗೆ ಎಷ್ಟು ಎಳೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಆ ಸಾಮಾನುಗಳು ಕಿಟಕಿ ದಾಟಿ ಆಚೆ ಹೋದ ಮೇಲೆ ಏನು ಮಾಡುತ್ತವೆ ಎಂಬುದು ಮಾತ್ರ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆದರೆ ಬೀದಿಯ ಜನಕ್ಕೆ ಇದು ತಿಳಿಯುವುದು ಹೇಗೆ? ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಯಾರ ಮನೆಯ ಮಿಕ್ಸಿ ಕೆಟ್ಟರೂ ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ ಅದರ ಒಳಗಿನ ಭಾಗಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ, ಕಾಫಿ ಕುಡಿದು, "ಇದನ್ನ ಅಂಗಡಿಗೆ ತೋರಿಸ್ಬೇಕು" ಎಂದು ಬರುತ್ತಿದ್ದೆ. ಇದರಿಂದ ನನ್ನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಈಗ ಹೇಳುತ್ತಿರುವುದು ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾದ ಮೇಲಿನ ಮಾತು. ನಮ್ಮದು ಗರುಡಾಚಾರ್‌ಪಾಳ್ಯದ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಕಡೆ ಶೆಡ್ಡುಗಳೆದ್ದವು, ಶೆಡ್ಡುಗಳ ಪಕ್ಕ ಗಾಜಿನ ಕಟ್ಟಡಗಳೆದ್ದವು, ಉಳಿದ ತುಂಡಿನಲ್ಲಿ ನಮ್ಮ ಮನೆ ಮತ್ತು ಹಿತ್ತಲಲ್ಲೊಂದು ಬಾಡಿಗೆ ರೂಮು. ಆ ರೂಮಿನಲ್ಲಿದ್ದವರು ಯಾದಗಿರಿ ಕಡೆಯ ಗಂಡ ಹೆಂಡತಿ. ಗಂಡ ಭೀಮರಾಯ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದ, ಹೆಂಡತಿ ಶರಣಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಶಿವಾಜಿನಗರದ ಒಂದು ಅಂಗಡಿಯವರು ಬಟ್ಟೆ ಕೊಟ್ಟು ಹೊಲಿಸಿಕೊಂಡು ಹೋಗುತ್ತಿದ್ದರು. ಅವಳಿಗೆ ಮೊಣಕಾಲು ನೋವು. ತುಳಿಯುವುದು ಆಗದೆಂದು ಹೊಲಿಗೆ ಯಂತ್ರಕ್ಕೆ ಒಂದು ಪುಟ್ಟ ಮೋಟಾರು ಹಾಕಿಸಿಕೊಂಡಿದ್ದಳು.

ಆ ರೂಮಿಗೆ ಕರೆಂಟು ಕೊಟ್ಟವನು ನಾನೇ. ನಮ್ಮ ಜಗಲಿಯ ಗೋಡೆಯಲ್ಲಿ ಮೀಟರು, ಮೇನ್ ಸ್ವಿಚ್ಚು. ಅದರ ಕೆಳಗೆ ಒಂದು ಮರದ ಹಲಗೆ ಹೊಡೆದು ಎರಡು ಪಿಂಗಾಣಿ ಫ್ಯೂಸು ಕೂರಿಸಿದ್ದೆ. ಒಂದಕ್ಕೆ ಕೆಂಪು ವೈರು, ಇನ್ನೊಂದಕ್ಕೆ ಕಪ್ಪು. ಫ್ಯೂಸುಗಳ ಕೆಳಗೆ ಒಂದು ಪ್ಲಗ್ ಪಾಯಿಂಟು. ಅದಕ್ಕೆ ಸಿಕ್ಕಿಸಿದ ಕರಿಯ ಕೇಬಲ್ಲು ನುಗ್ಗೆಮರದ ಕೊಂಬೆ ಹಾಯ್ದು ಹಿತ್ತಲ ರೂಮಿನೊಳಕ್ಕೆ ಇಳಿಯುತ್ತಿತ್ತು. ಹಲಗೆಯ ಮೇಲೆ ವೈರು ಬಿಗಿದ ಸ್ಕ್ರೂಗಳು ಬರಿಮೈಯಲ್ಲೇ ಇದ್ದವು. ಒಂದು ಮುಚ್ಚಳ ಹಾಕಬೇಕು ಎಂದು ನಾನು ಅಂದುಕೊಳ್ಳಲು ಶುರುಮಾಡಿ ಆರು ವರ್ಷವಾಗಿತ್ತು.

ಇನ್ನು ಆಯುಧಪೂಜೆಯ ಮಾತು. ಕಾರ್ಖಾನೆಯಲ್ಲಿ ಆ ದಿನದ ಸಂಭ್ರಮವೇ ಬೇರೆ. ಬೂದುಗುಂಬಳ, ಚೆಂಡುಹೂ, ಪ್ರತಿಯೊಬ್ಬರಿಗೂ ಒಂದು ಪೊಟ್ಟಣ ಕಡ್ಲೆಪುರಿ. ಸ್ಟೋರ್ಸಿನವನೆಂಬ ಹಿರಿತನಕ್ಕೆ ದೊಡ್ಡ ಪ್ಯಾನಲ್ ಬೋರ್ಡಿಗೆ ಗಂಧ ಕುಂಕುಮ ಹಚ್ಚಿ ಹಾರ ಹಾಕುವ ಕೆಲಸ ಪ್ರತಿ ವರ್ಷ ನನ್ನದು. ಮೂವತ್ತು ವರ್ಷ ಬೆರಳು ಅದ್ದಿ ಅದ್ದಿ ಗಂಧ ಬಳಿದೆ, ನನಗೆ ಒಮ್ಮೆಯೂ ಏನೂ ಆಗಲಿಲ್ಲ. ಇದು ದೇವರ ದಯೆ ಎಂದೇ ನಂಬಿದ್ದೆ. ನಾನು ತಟ್ಟೆ ಹಿಡಿದು ಬರುವ ಮೊದಲೇ ಎಲೆಕ್ಟ್ರಿಷಿಯನ್ ಒಬ್ಬ ಹೋಗಿ ಮೇನ್ ಎಳೆದು ಕರೆಂಟು ತೆಗೆದಿರುತ್ತಿದ್ದ ಎಂಬುದನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷ ಮನೆಯಲ್ಲೇ ಪೂಜೆ. ಸ್ಪ್ಯಾನರು, ಕುಡುಗೋಲು, ನನ್ನ ಟೆಸ್ಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ದೇವರ ಮುಂದೆ ಜೋಡಿಸಿದೆ. ಶರಣಮ್ಮನಿಗೂ ಹೇಳಿದೆ: "ನೋಡಮ್ಮ, ಮೆಷಿನ್ನಿಗೆ ಪೂಜೆ ಮಾಡು, ಆಮೇಲೆ ನಾಳೆ ತನಕ ಮುಟ್ಬೇಡ. ಪೂಜೆ ಆದ ಆಯುಧ ಮುಟ್ಟಬಾರದು." ಅವಳ ಕೈಯಲ್ಲಿ ಇಂದಿರಾನಗರದ ಒಂದು ಮದುಮಗಳ ರವಿಕೆಗಳಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ ಕೊಡಲೇಬೇಕು, ತಪ್ಪಿದರೆ ಅಂಗಡಿಯವರು ಮತ್ತೆ ಕೆಲಸ ಕೊಡುವುದಿಲ್ಲ. ಆದರೂ, "ಆಯ್ತ್ರಿ ಅಜ್ಜಾರ, ನೀವ್ ಹೇಳಿದ್ ಮ್ಯಾಲ ಮುಗೀತು" ಎಂದು ಯಂತ್ರಕ್ಕೆ ಹೂವೇರಿಸಿ ಸುಮ್ಮನೆ ಕೂತಳು.

ನಾನು ಜಗಲಿಗೆ ಬಂದೆ. ಮೀಟರಿಗೆ ಕುಂಕುಮವಾಯಿತು. ಕೆಳಗಿನ ಹಲಗೆಗೆ ಒಂದು ಮೊಳ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದೆ, ಜಾರಿ ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಸ್ಟೋರ್ಸಿನ ಬುದ್ಧಿ ಎಚ್ಚರವಾಯಿತು. ಡಬ್ಬಿಯಿಂದ ತೆಳುವಾದ ಕಟ್ಟುಕಂಬಿ ತಂದು, ಹಾರವನ್ನು ಎರಡೂ ಫ್ಯೂಸುಗಳ ಸುತ್ತ ಒತ್ತಿ ಬಿಗಿದೆ. ಕೊನೆಯ ಸುತ್ತು ಹಾಕುತ್ತಿದ್ದಂತೆ "ಠಪ್" ಎಂದು ಒಂದು ಸದ್ದು, ಒಂದು ನೀಲಿ ಬೆಳಕು, ಸುಟ್ಟ ಚೆಂಡುಹೂವಿನ ವಾಸನೆ. ನಾನು ಜಗಲಿಯ ಆ ಕೊನೆಯಲ್ಲಿದ್ದೆ. ಅಲ್ಲಿಗೆ ಹೇಗೆ ಹೋದೆ ಎಂದು ಇವತ್ತಿಗೂ ಗೊತ್ತಿಲ್ಲ.

ಒಳಗೆ ಫ್ಯಾನು ನಿಂತಿತು. ನನ್ನ ಹೆಂಡತಿ ಜಯಮ್ಮ ಅಡುಗೆಮನೆಯಿಂದ ಕೂಗಿದಳು: "ಏನ್ರೀ ಅದು ಸದ್ದು?"

"ಬೀದೀಲಿ ಯಾರೋ ಪಟಾಕಿ ಹೊಡೆದ್ರು ಕಣೆ."

"ಪಟಾಕಿ ಹೊಡೆದ್ರೆ ಫ್ಯಾನ್ ಯಾಕ್ರೀ ನಿಲ್ಲತ್ತೆ?"

"ಕರೆಂಟೂ ಹೋಯ್ತು. ಎರಡೂ ಒಟ್ಟಿಗೆ ಆಯ್ತು, ಅಷ್ಟೆ."

ಇದು ನನ್ನ ಮೊದಲನೆಯ ಸುಳ್ಳು. ಮಿಕ್ಕವು ಇದರ ಮಕ್ಕಳು. ಉಸಿರು ಸರಿಹೋದ ಮೇಲೆ ಮೇನ್ ಎಳೆದು, ಮೇನ್ ಫ್ಯೂಸಿಗೆ ಹೊಸ ತಂತಿ ಹಾಕಿದೆ. ಮನೆಯ ಫ್ಯಾನು ತಿರುಗಿತು. ಹಾರದಲ್ಲಿ ನಾಲ್ಕು ಹೂವು ಕರಕಲಾಗಿದ್ದವು. ಅವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಪೂಜೆ ಮಾಡಿದ ಹಾರ, ಮರುದಿನದವರೆಗೆ ತೆಗೆಯಬಾರದು ಎಂಬ ಶಾಸ್ತ್ರ ಆಗ ನನಗೆ ಬಹಳ ಅನುಕೂಲವಾಗಿ ನೆನಪಿಗೆ ಬಂತು. ಹಾರ ತೆಗೆಯದೆ ಅದರ ಹಿಂದೆ ಏನಿದೆ ಎಂದು ನೋಡುವಂತಿಲ್ಲ. ನೋಡದಿದ್ದರೆ ಏನೂ ಆಗಿಲ್ಲ. ಹೀಗೆ ನನಗೆ ನಾನೇ ಲೆಕ್ಕ ಸರಿಮಾಡಿಕೊಂಡು ಕಡ್ಲೆಪುರಿ ತಿನ್ನುತ್ತ ಕೂತೆ.

ಮಧ್ಯಾಹ್ನ ಶರಣಮ್ಮ ಬಂದಳು. "ಅಜ್ಜಾರ, ನಿಮ್ಮನ್ಯಾಗ ಕರೆಂಟ್ ಅದ, ನಮ್ ರೂಮಿನ್ಯಾಗ ಇಲ್ರಿ."

ಇಲ್ಲಿಂದ ನನ್ನ ತಲೆ ಕೆಡಲು ಶುರುವಾಯಿತು. ಹಲಗೆಗೆ ಕರೆಂಟು ಹೋಗುವುದು ಅದೇ ಮೇನ್‌ನಿಂದ. ನನ್ನ ಮನೆಯಲ್ಲಿದೆ ಎಂದರೆ ಅಲ್ಲೂ ಇರಬೇಕು. ದೇವರಿಗೆ ಕೈಮುಗಿದು, ತಪ್ಪಾಯಿತೆಂದು ಹೇಳಿ, ಪೂಜೆಯಲ್ಲಿದ್ದ ಟೆಸ್ಟರನ್ನು ಎತ್ತಿಕೊಂಡೆ. ಮುಟ್ಟಬೇಡವೆಂದು ಅವಳಿಗೆ ಉಪದೇಶ ಮಾಡಿ ಮೂರು ಗಂಟೆಯೂ ಆಗಿರಲಿಲ್ಲ. ರೂಮಿಗೆ ಹೋಗಿ ಬಲ್ಬಿನ ಸ್ವಿಚ್ಚು ಹಾಕಿಟ್ಟು, ಪ್ಲಗ್ ಪಾಯಿಂಟಿನ ಒಂದು ತೂತಿಗೆ ಟೆಸ್ಟರಿಟ್ಟೆ. ಉರಿಯಿತು. ಇನ್ನೊಂದು ತೂತಿಗಿಟ್ಟೆ. ಅಲ್ಲೂ ಉರಿಯಿತು. ನಾನು ತಿಳಿದಂತೆ ಕರೆಂಟು ಬರುವುದು ಒಂದು ತೂತಿನಲ್ಲಿ. ಇಲ್ಲಿ ಎರಡರಲ್ಲೂ ಇದೆ. ಆದರೆ ತಲೆಯ ಮೇಲಿನ ಬಲ್ಬು ಮಾತ್ರ ಸತ್ತಂತೆ ತೂಗುತ್ತಿದೆ. ಬೇಕಾದ್ದಕ್ಕಿಂತ ಇಮ್ಮಡಿ ಕರೆಂಟು ಬಂದೂ ದೀಪ ಉರಿಯದ ಮನೆಯನ್ನು ನಾನು ನೋಡಿರಲಿಲ್ಲ.

ಭೀಮರಾಯ ಬಾಗಿಲಲ್ಲಿ ನಿಂತು ಕೇಳಿದ, "ಏನಾಗ್ಯದ್ರಿ ಅಜ್ಜಾರ?"

"ಡಬಲ್ ಕರೆಂಟ್ ಬರ್ತಿದೆ" ಎಂದೆ. "ಬಲ್ಬಿಗೆ ತಡ್ಕೊಳಕ್ಕಾಗ್ತಿಲ್ಲ."

"ಹಂಗಾರ ಒಂದ್ ದೊಡ್ಡ ಬಲ್ಬ್ ಹಾಕಾಮೇನ್ರಿ?"

ಅವನು ತಮಾಷೆ ಮಾಡಿದನೋ, ನಿಜವಾಗಿ ಕೇಳಿದನೋ ತಿಳಿಯಲಿಲ್ಲ. ಗೊತ್ತಿಲ್ಲದ ಮನುಷ್ಯನಿಗೆ ಪ್ರಶ್ನೆ ಕೇಳಿದರೆ ಅವನಿಗೆ ಬರುವುದು ಉತ್ತರವಲ್ಲ, ಕೋಪ. ನಾನು ಹೊಲಿಗೆ ಯಂತ್ರದ ಕಡೆ ನೋಡಿದೆ. "ಬೆಳಿಗ್ಗೆ ಇದನ್ನ ಓಡಿಸಿದ್ರಾ?"

"ಇಲ್ರಿ. ಹೂ ಏರಿಸೀನಿ, ನೋಡ್ರಿ" ಎಂದಳು ಶರಣಮ್ಮ.

"ಹೂವಿನ ಮೇಲೇ ಓಡಿಸಿರಬೋದು. ಅರ್ಜೆಂಟ್ ಇತ್ತಲ್ಲ ನಿಂಗೆ. ಈ ಮೋಟಾರಿಂದ್ಲೇ ಕೇಬಲ್ ಸುಟ್ಟಿರೋದು."

"ನಾ ಯಾಕ್ರಿ ಸುಳ್ಳ್ ಹೇಳ್ಲಿ? ನೀವು ಮುಟ್ಟಬ್ಯಾಡ ಅಂದ್ರಿ, ಮುಟ್ಟಿಲ್ಲ."

ಅವಳು ಇದನ್ನು ಜೋರಾಗಿ ಹೇಳಲಿಲ್ಲ, ಅಳಲೂ ಇಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಸುಟ್ಟ ಹೂವಿನ ವಾಸನೆ ಇನ್ನೂ ನನ್ನ ಮೂಗಿನಲ್ಲೇ ಇತ್ತು. ಆದರೆ ಅಷ್ಟು ಹೊತ್ತಿಗೆ ಒಂದು ಸಿದ್ಧಾಂತ ತಲೆಯಲ್ಲಿ ತಯಾರಾಗಿತ್ತು: ಕಿಡಿ ಹಾರಿದ್ದು ನನ್ನ ಹತ್ತಿರವಾದರೂ ದೋಷವಿದ್ದದ್ದು ಅವಳ ಹತ್ತಿರ. ತಪ್ಪು ಮಾಡಿದವನ ತಲೆ ಎಷ್ಟು ಚುರುಕಾಗಿ ಓಡುತ್ತದೆಯೆಂದರೆ, ಅದೇ ವೇಗದಲ್ಲಿ ಶಾಲೆಯಲ್ಲಿ ಓಡಿದ್ದರೆ ನಾನು ಇಂಜಿನಿಯರಾಗಿರುತ್ತಿದ್ದೆ. "ಈ ತರ ಮೆಷಿನ್ನೆಲ್ಲ ಇಟ್ಕೊಂಡ್ರೆ ನಮ್ಮನೇಗೇ ಬೆಂಕಿ ಬೀಳತ್ತೆ. ತಿಂಗಳ ಕೊನೆಗೆ ರೂಮ್ ಖಾಲಿ ಮಾಡಿ" ಎಂದುಬಿಟ್ಟೆ.

ಭೀಮರಾಯ ಏನೋ ಹೇಳಲು ಬಾಯಿ ತೆರೆದ. ಶರಣಮ್ಮ ಅವನ ತೋಳು ಹಿಡಿದಳು. ನಾನು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು, ಗೆದ್ದವನಂತೆ ಹೊರಟುಬಂದೆ.

ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಹತ್ತಿರ ಸೆಲ್ವರಾಜ್ ಎಂಬ ಎಲೆಕ್ಟ್ರಿಷಿಯನ್ನನ ಅಂಗಡಿ ಇತ್ತು. ಹಲಸೂರಿನವನು, ನನ್ನ ಹಳೆಯ ಗುರುತು. ಫೋನು ಮಾಡಿದೆ. "ಸಾರ್, ಇವತ್ತು ಆಗಲ್ಲ ಸಾರ್" ಎಂದ. "ಟೂಲ್ಸೆಲ್ಲ ಸಾಮಿ ಮುಂದೆ ಮಲಗೈತೆ. ಎದ್ದೇಳಿಸ್ಬಾರ್ದು. ನಿಮಗೆ ಗೊತ್ತಲ್ಲ ಸಾರ್." ನನಗೆ ಗೊತ್ತಿತ್ತು. ನಾನೇ ಬೀದಿಗೆಲ್ಲ ಹೇಳಿಕೊಟ್ಟ ಶಾಸ್ತ್ರ.

ಮರುದಿನ, ವಿಜಯದಶಮಿ. ಅವನಿಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ, "ಕೇಬಲ್ ತಗೊಂಡ್ ಬನ್ನಿ ಸಾರ್, ಚೆಕ್ ಮಾಡ್ಕೊಡ್ತೀನಿ" ಎಂದ. ಪ್ಲಗ್ಗು ಕಿತ್ತು, ರೂಮಿನ ತುದಿಯನ್ನೂ ಬಿಚ್ಚಿ, ನುಗ್ಗೆಮರದಿಂದ ಕೇಬಲ್ಲನ್ನು ಇಳಿಸಿ, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಮೇಲಿಂದ ಕೆಳಗೆ ನೋಡಿ, "ಏನ್ ಯಜಮಾನ್ರೆ, ಯಾವ ಎಮ್ಮೆ ಹಿಡಿಯಕ್ಕೆ ಹೊರಟ್ರಿ?" ಎಂದ. ಪಕ್ಕದ ಸೀಟಿನವನು, "ಎಮ್ಮೆ ಎಲ್ಲಿದೆ ಗುರು ಈ ಕಡೆ? ಬರೀ ಟ್ರಾಫಿಕ್ಕು" ಎಂದ. ನಾನು ಗಂಭೀರವಾಗಿ ಕಿಟಕಿಯಾಚೆ ನೋಡಿದೆ.

ಸೆಲ್ವರಾಜ್ ಕೇಬಲ್ಲಿನ ಒಂದು ತುದಿಯನ್ನು ಪ್ಲಗ್ಗಿಗೆ ಹಾಕಿ, ಇನ್ನೊಂದು ತುದಿಗೆ ಬಲ್ಬು ಹಿಡಿದ. ಝಗ್ಗೆಂದು ಉರಿಯಿತು. "ಸೂಪರ್ ಕೇಬಲ್ ಸಾರ್. ಇನ್ನ ಇಪ್ಪತ್ ವರ್ಷ ಬರತ್ತೆ." ನಾನು ಖುಷಿಯಿಂದ ಮನೆಗೆ ತಂದು, ಮರ ಹತ್ತಿ, ಎರಡೂ ತುದಿ ಜೋಡಿಸಿದೆ. ರೂಮಿನ ಬಲ್ಬು ಉರಿಯಲಿಲ್ಲ. ಮತ್ತೆ ಇಳಿಸಿ ಟಿನ್ ಫ್ಯಾಕ್ಟರಿಗೆ ಒಯ್ದೆ. ಅಲ್ಲಿ ಉರಿಯಿತು. ಮನೆಗೆ ತಂದೆ. ಆರಿತು. ಕೆಲವು ಅಳಿಯಂದಿರು ತಮ್ಮ ಮನೆಯಲ್ಲಿ ಚೆನ್ನಾಗಿ ನಗುನಗುತ್ತ ಇದ್ದು, ಮಾವನ ಮನೆಯ ಹೊಸಿಲು ದಾಟಿದ ಕೂಡಲೇ ಮುಖ ಗಂಟಿಕ್ಕುತ್ತಾರೆ. ಈ ಕೇಬಲ್ಲೂ ಆ ಜಾತಿಯದು ಎನಿಸಿತು. ಎರಡನೆಯ ಸಲ ಸೆಲ್ವರಾಜ್ ತಲೆ ಕೆರೆದುಕೊಂಡು ಕೇಳಿದ, "ಸಾರ್, ಈ ಕಡೆ ಎಲ್ಲ ಸರಿ ಇದೆ. ಆ ಕಡೆ ಫ್ಯೂಸ್ ಎರಡೂ ನೋಡಿದ್ರಾ?"

"ನೋಡ್ದೆ" ಎಂದೆ. ಕೆಂಪು ವೈರಿನ ಫ್ಯೂಸಿನ ತುದಿ ಹಾರದ ಸಂದಿನಲ್ಲಿ ಕಾಣುತ್ತಿತ್ತು. ಅದಕ್ಕೆ ಟೆಸ್ಟರಿಟ್ಟಿದ್ದೆ, ಉರಿದಿತ್ತು. ಕಪ್ಪು ವೈರಿನದು ಹಾರದ ಹಿಂದೆ ಪೂರ್ತಿ ಮುಚ್ಚಿತ್ತು. ಕರೆಂಟು ಬರುವುದು ಕೆಂಪಿನಲ್ಲಿ ತಾನೆ, ಕಪ್ಪು ಸುಮ್ಮನೆ ಜೊತೆಗೆ ಇರುವುದು ಎಂಬುದು ನನ್ನ ಮೂವತ್ತು ವರ್ಷದ ಸ್ಟೋರ್ಸಿನ ಜ್ಞಾನ. ನಾವು ಎರಡನ್ನೂ ಜೋಡಿಯಾಗಿಯೇ ಕೊಡುತ್ತಿದ್ದೆವು. ಯಾಕೆ ಜೋಡಿ ಎಂದು ನಾನು ಯೋಚಿಸಿರಲಿಲ್ಲ.

ಅವತ್ತೆಲ್ಲ ಹಿತ್ತಲಿನಿಂದ ಒಂದು ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಯಂತ್ರದ ಹೂ ತೆಗೆದ ಕೂಡಲೇ ಶರಣಮ್ಮ ಮೋಟಾರಿನ ಬೆಲ್ಟು ಬಿಚ್ಚಿ, ಯಂತ್ರವನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ಕಾಲಿನಲ್ಲೇ ತುಳಿಯಲು ಕೂತಿದ್ದಳು. ಟಕಟಕ ಎಂದು ಸ್ವಲ್ಪ ಹೊತ್ತು ಓಡುವುದು, ನಿಲ್ಲುವುದು. ನಿಂತಾಗ ಅವಳು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ನಾನು ನುಗ್ಗೆಮರದ ಮೇಲಿಂದ ನೋಡುತ್ತಿದ್ದೆ. ಜಯಮ್ಮ ಕೆಳಗಿನಿಂದ ಹೇಳಿದಳು, "ಆ ಹೆಣ್ಣುಮಗಳು ಸುಳ್ಳು ಹೇಳೋಳಲ್ಲ ಕಣ್ರೀ. ನಿಮಗೇನೋ ಆಗಿದೆ." ನನಗೆ ಏನೋ ಆಗಿತ್ತು ಎಂಬುದು ನಿಜ. ಆದರೆ ಮರದ ಮೇಲಿದ್ದವನು ಅದನ್ನು ಒಪ್ಪಿಕೊಂಡು ಇಳಿಯುವುದು ಕಷ್ಟ.

ಮೂರನೆಯ ದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಕೇಬಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಹಾವಾಡಿಗನಂತೆ ಕೂತಿದ್ದೆ. ಶರಣಮ್ಮ ಬಂದು ಹಲಗೆಯ ಮುಂದೆ ನಿಂತಳು.

"ಅಜ್ಜಾರ, ಹೂ ಬಾಡ್ಯಾವ. ಹಬ್ಬ ಮುಗೀತಲ್ರಿ, ತೆಗೀಲೇನು?"

ಬಾಡಿದ ಹೂವನ್ನು ತೆಗೆಯಬೇಡ ಎನ್ನಲು ಯಾವ ಶಾಸ್ತ್ರವೂ ನೆನಪಿಗೆ ಬರಲಿಲ್ಲ. ಎದ್ದು ಮೇನ್ ಎಳೆದೆ. ಅಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು. ಅವಳು ಹಾರವನ್ನು ಮೆಲ್ಲಗೆ ಎಳೆದಳು. ಅದರೊಂದಿಗೆ ಅರ್ಧ ಕರಗಿ ಕಪ್ಪಾದ ಕಟ್ಟುಕಂಬಿ ಬಂತು. ಹಿಂದೆ ಗೋಡೆಯ ಮೇಲೆ ಅಂಗೈ ಅಗಲದ ಮಸಿ. ಕಪ್ಪು ವೈರಿನ ಫ್ಯೂಸನ್ನು ಹೊರಕ್ಕೆ ತೆಗೆದು ತಿರುಗಿಸಿ ನೋಡಿದಳು. ಒಳಗೆ ತಂತಿ ಇರಲಿಲ್ಲ. ತಂತಿಯ ಜಾಗದಲ್ಲಿ ಸುಟ್ಟ ಹೂವಿನ ಎಸಳು ಅಂಟಿತ್ತು. ಅವಳು ಕಂಬಿಯನ್ನು ನೋಡಿದಳು, ಮಸಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಾನು ಕೇಬಲ್ಲನ್ನು ನೋಡಿದೆ.

ಅದೇ ಹೊತ್ತಿಗೆ ಜಯಮ್ಮ ಹೊರಗೆ ಬಂದಳು. "ಏನಮ್ಮ, ಏನಾಗಿದೆ ಅಲ್ಲಿ?"

ಶರಣಮ್ಮ ಆ ಕಂಬಿಯನ್ನು ಮುಷ್ಟಿಯಲ್ಲಿ ಮಡಿಸಿ ಸೆರಗಿನೊಳಗೆ ಇಟ್ಟುಕೊಂಡಳು. "ಏನಿಲ್ರಿ ಅಮ್ಮಾರ. ಈ ಫ್ಯೂಸ್ನಾಗ ತಂತಿ ಇಲ್ಲ. ಇಲಿ ಕಡಿದಿರಬೇಕ್ರಿ."

"ಇಲೀನಾ? ಇಲಿ ತಂತಿ ತಿನ್ನತ್ತಾ?"

"ನಿಮ್ ಕಡೀದು ಏನೇನ್ ತಿಂತಾವೋ ನನಗ ಗೊತ್ತಿಲ್ರಿ. ಅಜ್ಜಾರ್ನ ಕೇಳ್ರಿ."

ಇಬ್ಬರೂ ನನ್ನ ಕಡೆ ತಿರುಗಿದರು. ಇದು ನಾನು ಸತ್ಯ ಹೇಳಬೇಕಾಗಿದ್ದ ಗಳಿಗೆ. ಅರ್ಧ ನಿಮಿಷದ ಕೆಲಸ. "ತಿನ್ನತ್ತೆ" ಎಂದೆ. "ಕೆಲವು ಇಲಿ ತಿನ್ನತ್ತೆ. ಸ್ಟೋರ್ಸಲ್ಲಿ ನೋಡಿದೀನಿ."

ಕಪ್ಪು ಫ್ಯೂಸಿಗೆ ತಂತಿ ಹಾಕಿ ಕೇಬಲ್ಲು ಜೋಡಿಸಿದ ಕೂಡಲೇ ರೂಮಿನ ಬಲ್ಬು ಉರಿಯಿತು. ಅವಳು ಮೋಟಾರು ಹಾಕಿಕೊಂಡು ಸಂಜೆಯೊಳಗೆ ರವಿಕೆಗಳನ್ನು ಮುಗಿಸಿದಳು. ಮರುದಿನ ಹೇಳಿದ ಹೊತ್ತಿಗೆ ಶಿವಾಜಿನಗರಕ್ಕೆ ಹೋಗಿ ಕೊಟ್ಟು ಬಂದಳು. ಅವಳ ಮೊಣಕಾಲು ಮಾತ್ರ ದೀಪಾವಳಿಯವರೆಗೂ ಊದಿಕೊಂಡಿತ್ತು. ರೂಮು ಖಾಲಿ ಮಾಡುವ ಮಾತನ್ನು ನಾನು ವಾಪಸು ತೆಗೆದುಕೊಂಡೆ. ಅದನ್ನಾದರೂ ನೆಟ್ಟಗೆ ಮಾಡಿದೆನೇ? ಜಯಮ್ಮನ ಕೈಲಿ ಹೇಳಿಸಿದೆ: "ಹಬ್ಬದ ಸಮಯ, ಹೋಗ್ಲಿ, ಇರ್ಲಿ ಅಂತ ಹೇಳು." ನಾನೇ ಉಪಕಾರ ಮಾಡಿದಂತಾಯಿತು. ಅವಳು ಶೇಂಗಾ ಹೋಳಿಗೆ ಮಾಡಿ ಕಳಿಸಿದಳು. ಅದನ್ನೂ ತಿಂದೆ. ಜಯಮ್ಮ ಒಂದು ಇಲಿಬೋನು ತಂದು ಮೀಟರಿನ ಕೆಳಗೆ ಇಟ್ಟಳು. ದಿನಾ ಬೆಳಿಗ್ಗೆ ಅದರಲ್ಲಿ ಹೊಸ ತೆಂಗಿನ ಚೂರು ಇಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ತಿಂಗಳು ಇಟ್ಟೆ. ಇಲ್ಲದ ಇಲಿಗೆ ಅಷ್ಟು ನಿಷ್ಠೆಯಿಂದ ಉಣಬಡಿಸಿದವರು ಬೇರೆ ಯಾರೂ ಇರಲಾರರು.

ಆಮೇಲೊಮ್ಮೆ ಸೆಲ್ವರಾಜನಿಗೆ ಆ ಎರಡು ತೂತಿನ ವಿಷಯ ಕೇಳಿದೆ. "ಕರೆಂಟ್ ಬರಕ್ಕೊಂದು ದಾರಿ, ವಾಪಸ್ ಹೋಗಕ್ಕೊಂದು ದಾರಿ ಸಾರ್" ಎಂದ. "ಹೋಗೋ ದಾರಿ ಕಟ್ ಆದ್ರೆ ಬಂದಿದ್ದು ಹಂಗೇ ನಿಂತಿರತ್ತೆ. ಟೆಸ್ಟರ್ ಎಲ್ಲಾ ಕಡೆ ಉರಿಯತ್ತೆ, ಕೆಲಸ ಮಾತ್ರ ಏನೂ ಆಗಲ್ಲ." ಕರೆಂಟಿನ ವಿಷಯ ಅವತ್ತೂ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಒಳಗೆ ಬಂದದ್ದು ಹೊರಗೆ ಹೋಗುವ ದಾರಿಯಿಲ್ಲದೆ ನಿಂತರೆ ಹೇಗಿರುತ್ತದೆ ಎಂಬುದು ಅರ್ಥವಾಯಿತು. ಶರಣಮ್ಮ ಎದುರಿಗೆ ಬಂದಾಗಲೆಲ್ಲ "ತಪ್ಪಾಯ್ತಮ್ಮ" ಎಂಬ ಮಾತು ಗಂಟಲಿನವರೆಗೆ ಬರುವುದು, ಬಾಯಿ ತೆರೆದರೆ "ನೀರು ಬಂತಾ?" ಎಂದು ಕೇಳಿರುತ್ತಿದ್ದೆ. ಐದು ವರ್ಷ ಅವಳನ್ನು ನೀರಿನ ವಿಷಯ ವಿಚಾರಿಸಿದೆ.

ಆಮೇಲೆ ಅವರು ಕೆ.ಆರ್. ಪುರದ ಆಚೆ ಎರಡು ಕೋಣೆಯ ಸ್ವಂತ ಮನೆ ಕಟ್ಟಿಕೊಂಡರು. ಗೃಹಪ್ರವೇಶಕ್ಕೆ ನನ್ನನ್ನೂ ಜಯಮ್ಮನನ್ನೂ ಕರೆದರು. ಬಸ್ಸಿನುದ್ದಕ್ಕೂ ನಾನು ಮಾತು ಜೋಡಿಸಿಕೊಂಡೆ. ಇವತ್ತು ಹೇಳಿಯೇ ಬಿಡುವುದು, ಎಲ್ಲರ ಮುಂದೆ ಹೇಳುವುದು. ಹೊಸಿಲು ದಾಟುತ್ತಿದ್ದಂತೆ ಶರಣಮ್ಮ ನನ್ನ ಕಾಲಿಗೆ ನಮಸ್ಕಾರ ಮಾಡಿ, "ಹಿರ್‍ಯಾರು ನೀವು, ಎಲ್ಲಾದ್ಕೂ ಕುಂಕುಮ ನೀವೇ ಹಚ್ರಿ" ಎಂದು ತಟ್ಟೆ ಕೊಟ್ಟಳು. ಬಾಗಿಲಿಗೆ ಹಚ್ಚಿದೆ, ಒಲೆಗೆ ಹಚ್ಚಿದೆ, ಕಿಟಕಿಯ ಬಳಿ ಇಟ್ಟಿದ್ದ ಹೊಲಿಗೆ ಯಂತ್ರಕ್ಕೆ ಎರಡು ಸಲ ಹಚ್ಚಿದೆ. ಅಭ್ಯಾಸಬಲದಿಂದ ಕಾಲು ಮೀಟರಿನ ಕಡೆಗೆ ಹೋಯಿತು. ಅವಳು ಹಿಂದೆಯೇ ಬಂದು ತಟ್ಟೆಯ ಅಂಚು ಹಿಡಿದಳು.

"ಅದಕ್ಕ ಬ್ಯಾಡ್ರಿ ಅಜ್ಜಾರ. ಆ ಕಡಿ ಇಲಿ ಅದಾವ."

ಹೊಸ ಮನೆ. ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅವಳ ಮುಖದಲ್ಲಿ ಎಲ್ಲೂ ನಗುವಿರಲಿಲ್ಲ, ಕಣ್ಣಿನಲ್ಲಿ ಮಾತ್ರ ಇತ್ತು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚೆಲ್ಲಿಹೋದವು.

"ಇದ್ದದ್ದು ಒಂದೇ ಇಲಿ ಕಣಮ್ಮ" ಎಂದೆ. "ಅದಕ್ಕೂ ಈಗ ಹಲ್ಲು ಬಿದ್ದಿದೆ."

"ಹಂಗಾರ ಊಟಕ್ಕ ಕೂಡ್ರಿ" ಎಂದಳು. "ಮೆತ್ತಗಿಂದೇ ಬಡಿಸ್ತೀನಿ."

ಜಯಮ್ಮ ಪಕ್ಕದ ಎಲೆಯಿಂದ ಕೇಳಿದಳು, "ಏನ್ರೀ, ಇವರ ಮನೇಲೂ ಇಲೀನಾ? ನಮ್ಮ ಬೋನು ಸುಮ್ಮನೆ ಬಿದ್ದಿದೆ, ತಂದ್ಕೊಡೋಣ್ವಾ?" ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಆಗಲಿ ಎಂದು ತಲೆಯಾಡಿಸಿದೆ.